ಬೆಟ್ಟದವಳು ತಂದ ಉಪ್ಪು

ಒಂದಾನೊಂದು ಕಾಲದಲ್ಲಿ, ಕಂದಾ, ಸಮುದ್ರದಾಚೆ ಫಿಲಿಪೀನ್ಸ್ ಅನ್ನೋ ದೇಶದಲ್ಲಿ, ಮೋಡಕ್ಕಿಂತ ಮೇಲೆ ಒಂದು ಊರಿತ್ತಂತೆ. ನನ್ನ ತಮ್ಮ ಹಡಗಲ್ಲಿ ಅಡುಗೆ ಮಾಡ್ತಿದ್ನಲ್ಲ, ಅವನು ಕೇಳ್ಕೊಂಡು ಬಂದಿದ್ದು. ಅಲ್ಲಿ ಬೆಟ್ಟಾನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲುಗೋಡೆ ಕಟ್ಟಿ, ನೀರು ನಿಲ್ಲಿಸಿ ಭತ್ತ ಬೆಳೀತಿದ್ರಂತೆ. ಕತ್ತಲಾದ್ರೆ ಗದ್ದೆ ತುಂಬಾ ನಕ್ಷತ್ರ, ಆಕಾಶ ಯಾವುದು ಗದ್ದೆ ಯಾವುದು ತಿಳೀತಿರಲಿಲ್ಲವಂತೆ. ಗೋಡೆ ಕಲ್ಲು ಬಿದ್ದಿದ್ರೆ, ಯಾರ ಗದ್ದೇದೇ ಆಗ್ಲಿ, ಕಂಡವರೇ ಎತ್ತಿಡಬೇಕು. ಅದು ಅವರ ಕಟ್ಟಳೆ.

ಆ ಊರಲ್ಲಿ ಒಬ್ಬಳು ತಾಯಿ, ಅವಳಿಗೆ ಮೂರು ಮಕ್ಕಳು. ದೊಡ್ಡವನು ದುಲ್ನುವನ್, ನಡುವಿನವನು ವಿಗನ್, ಕಿರಿಯವಳು ಅಗಿನಾಯ. ತಾಯಿ ಕಾಯಿಲೆ ಬಿದ್ಲು. ಮನೇಲಿ ಉಪ್ಪಿಲ್ಲ, ಸಪ್ಪೆ ಗಂಜಿ ಗಂಟಲಲ್ಲಿ ಇಳೀತಿಲ್ಲ, ದಿನದಿನಕ್ಕೆ ಸೊರಗಿದ್ಲಂತೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರಲ್ಲ, ಪಾಪ, ಅಲ್ಲಿ ಎರಡಕ್ಕೂ ಕುತ್ತು ಬಂದಿತ್ತು.

ಆಮೇಲೆ ದೊಡ್ಡವನು ಬುಟ್ಟಿ ಹೊತ್ಕೊಂಡು ಸಮುದ್ರದ ದಡದ ಉಪ್ಪಿನ ಪೇಟೆಗೆ ಇಳಿದನಂತೆ. ಬಾಗಿಲಲ್ಲಿದ್ದವರು, ಓಹೋ, ಇಗೊರೊಟ್ ಬಂದ ನೋಡ್ರೋ, ಅಂತ ಕೇಕೆ ಹಾಕಿ ನಕ್ಕರು. ಇಗೊರೊಟ್ ಅಂದ್ರೆ ಬೆಟ್ಟದವರು ಅಂತಷ್ಟೇ, ಅದನ್ನೇ ಬೈಗುಳ ಮಾಡಿದ್ರು ಕಣೇ! ದುಲ್ನುವನ್‌ಗೆ ಮೂಗಿನ ತುದೀಲೇ ಕೋಪ. ಬುಟ್ಟಿ ಒಗೆದು ಬರಿಗೈಲಿ ವಾಪಸ್ ಬಂದ.

ಆಮೇಲೆ ವಿಗನ್ ಹೋದ. ಅವನು ಜಾಣ, ಅತೀ ಜಾಣ. ಪೇಟೆಯವರ ಹಾಗೇ ಬಟ್ಟೆ ಸುತ್ಕೊಂಡು, ನಾನು ಬೆಟ್ಟದವನಲ್ಲಪ್ಪ, ಇಲ್ಲೇ ದಡದವನು ಅಂದನಂತೆ. ದಡದವನಾದ್ರೆ ಉಪ್ಪು ನಿನ್ನ ಮನೆ ಮುಂದೇನೇ ಇರತ್ತಲ್ಲೋ, ಹೋಗು ಅಂದ್ರು. ಹೋಯ್ತು, ಅವನೂ ಬರಿಗೈ.

ಆಮೇಲೆ ಅಗಿನಾಯ ಇಳಿದ್ಲು. ಪೇಟೆ ಹತ್ರ ಬಂದಾಗ ಹೊತ್ತು ಮುಳುಗೋಕೆ ಸ್ವಲ್ಪವೇ ಇತ್ತು. ದಾರೀಲಿ ಒಂದು ಬಾವಿಕಟ್ಟೆ, ಕಲ್ಲೆಲ್ಲಾ ಉರುಳಿ ಬಿದ್ದಿದೆ. ಅವಳ ಕಾಲು ಮುಂದಕ್ಕೆ ಹೋಗಲೇ ಇಲ್ವಂತೆ. ಒಂದು ಕಲ್ಲು ಎತ್ತಿಟ್ಲು, ಇನ್ನೊಂದು ಎತ್ತಿಟ್ಲು, ಕೆಸರಿಲ್ಲ ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟೆ ನಿಲ್ಲಿಸಿ ತಿರುಗಿ ನೋಡ್ತಾಳೆ, ಪೇಟೆ ಬಾಗಿಲು ಮುಚ್ಚಿದೆ! ಅಯ್ಯೋ, ನನ್ನಮ್ಮನ್ನ ನಾನೇ ಕೊಂದೆನಲ್ಲ ಅಂತ ಅಲ್ಲೇ ಕೂತು ಅತ್ಲಂತೆ.

ಅಷ್ಟರಲ್ಲಿ ನೀರಿಗೆ ಬಂದ ಉಪ್ಪಿನ ಪೇಟೆಯ ಒಡತಿ, ಒಬ್ಬ ಮುದುಕಿ, ಕಟ್ಟೆ ತಳ್ಳಿ ನೋಡಿದ್ಲು, ಅಲುಗಲಿಲ್ಲ. ನೀನು ಯಾರ ಪೈಕಿ ಮಗಾ ಅಂತ ಕೇಳಿದ್ಲು. ಅಗಿನಾಯ ಕಣ್ಣೊರೆಸ್ಕೊಂಡು, ನಾನು ಇಗೊರೊಟ್ ಅಜ್ಜಿ, ಬೆಟ್ಟದವಳು, ನಮ್ಮಲ್ಲಿ ಬಿದ್ದ ಕಲ್ಲು ದಾಟಿ ಹೋಗಲ್ಲ ಅಂದ್ಲಂತೆ. ಮುದುಕಿ ಬಾಗಿಲು ತೆಗೆಸಿ, ಬುಟ್ಟಿ ತುಂಬಾ ಉಪ್ಪು ಸುರಿದ್ಲು.

ಆಮೇಲೆ ಮೋಡ ದಾಟಿ, ನಕ್ಷತ್ರದ ಗದ್ದೆ ದಾಟಿ ಮನೆಗೆ ಬಂದು, ಉಪ್ಪು ಹಾಕಿ ಗಂಜಿ ಕುಡಿಸಿದ್ಲಂತೆ. ತಾಯಿ ಕಣ್ಣು ಬಿಟ್ಟು, ಪೇಟೇಲಿ ನೀನ್ಯಾರು ಅಂತ ಕೇಳಿದ್ದಕ್ಕೆ ಏನಂದ್ಯೇ ಅಂದ್ಲು. ಇಗೊರೊಟ್ ಅಂದೆನಮ್ಮ. ಅಣ್ಣಂದಿರಿಬ್ಬರೂ ತಲೆ ತಗ್ಗಿಸಿದ್ರು. ತಾಯಿ ನಕ್ಕು, ಮತ್ತೇನು, ನಾವು ಅವರೇ ತಾನೇ, ಇನ್ನೊಂದು ಬಟ್ಟಲು ಹಾಕು ಅಂದ್ಲಂತೆ.

ಮುಂದಿನ ಸಲ ಮೂವರೂ ಒಟ್ಟಿಗೆ ಇಳಿದು, ಯಾರು ಅಂತ ಕೇಳೋಕೆ ಮುಂಚೇನೇ ನಾವು ಇಗೊರೊಟ್ ಅಂತ ಕೂಗಿ ಹೇಳಿದ್ರಂತೆ. ಅಲ್ಲಿ ಅವರ ಗಂಜಿಗೆ ಉಪ್ಪಾಯ್ತು, ಇಲ್ಲಿ ನಿನ್ನ ಕಣ್ಣಿಗೆ ನಿದ್ದೆಯಾಯ್ತು, ಕತೆ ಮುಗೀತು. ಮಲಕ್ಕೋ ನನ್ನ ಚಿನ್ನ.