ಹತ್ತೊಂಬತ್ತು ಹಲ್ಲು

ಚನವೀರ ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಹೊಳೆದಂಡೆಯ ಮಠದಲ್ಲಿ ಅವನಿಗೆ ಎಲ್ಲ ಒಗ್ಗಿತ್ತು, ಹಲ್ಲುನೋವೊಂದನ್ನು ಬಿಟ್ಟು.

ನೋವೆಂದರೆ ಅಂತಿಂಥದಲ್ಲ. ದವಡೆ ಬಾತು ಕಿವಿಯವರೆಗೂ ಸಿಡಿಯುತ್ತಿತ್ತು. ಆದರೂ ಪುಣ್ಯಾತ್ಮ ಯಾರ ಮುಂದೂ ತುಟಿಪಿಟಕ್ ಅನ್ನಲಿಲ್ಲ. ಇಪ್ಪತ್ತು ವರ್ಷ ಕುಡಿದ ಪಾಪ ಹೀಗೇ ತೀರಬೇಕು ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದ.

ಒಂದು ಮುಂಜಾನೆ ತಡೆಯಲಾಗಲಿಲ್ಲ. ಟವೆಲ್ ಹೆಗಲಿಗೆ ಹಾಕಿ ಹೊಳೆ ದಾಟಲು ಹೊರಟ. ಆಚೆ ದಂಡೆಯಲ್ಲಿ ಸಾರಾಯಿ ಅಂಗಡಿ ಇತ್ತು.

ಹೊಳೆಯ ಮೆಟ್ಟಿಲ ಮೇಲೆ ಮಠದ ಗುರು ಶಾಂತಯ್ಯ ಮುಖ ತೊಳೆಯುತ್ತ ಕೂತಿದ್ದರು. ಅವರನ್ನು ಮಠದವರೆಲ್ಲ ಅಜ್ಜಾರು ಎನ್ನುತ್ತಿದ್ದರು.

"ಎಲ್ಲಿಗೆ ಹೊಂಟಿ ಚನವೀರ?"

ಅವರ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ. "ಹಲ್ಲು ಜೀವ ತಿನ್ನಾಕತ್ತೈತ್ರಿ ಅಜ್ಜಾರ. ಒಂದೇ ಒಂದು ಗುಟುಕು ಬಾಯಾಗ ಹಿಡಿದು ಉಗುಳಿ ಬರ್ತೀನ್ರಿ. ನುಂಗಂಗಿಲ್ಲ."

"ಡಾಕ್ಟರ ಹತ್ರ ಯಾಕ ಹೋಗಲಿಲ್ಲ?"

"ನಾ ಮಾಡಿದ್ದು ನಾನೇ ಉಣ್ಣಬೇಕಲ್ರಿ."

ಅಜ್ಜಾರು ಎದ್ದು ನಿಂತರು. "ಆ ಕುಡುಕ ಹೋಗಿ ಹನ್ನೊಂದು ತಿಂಗಳಾತು. ಅವನ ಶಿಕ್ಷಾ ಈ ಬಡಪಾಯಿಗೆ ಯಾಕ ಕೊಡ್ತಿ? ನಡಿ."

ಕೈ ಹಿಡಿದು ಪೇಟೆಯ ದಂತವೈದ್ಯೆಯ ಬಾಗಿಲಿಗೇ ಎಳೆದೊಯ್ದರು. ಚನವೀರ ಹೊಸ್ತಿಲ ಹೊರಗೇ ನಿಂತುಬಿಟ್ಟ. ಆಗಲೇ ಹತ್ತು ಹಲ್ಲು ಉದುರಿದ ಇಂಥ ಬಾಯಿ ನೋಡಿ ಆಕೆ ಏನೆಂದಾಳು?

"ಕುಡಿತ ಬಿಟ್ಟಾಂವ ಅಂತ ಮೊದಲೇ ಹೇಳಿಬಿಡು," ಎಂದರು ಅಜ್ಜಾರು. "ನಿನಗ ಹೊಂದೋ ಔಷಧ ನೋಡಿ ಕೊಡ್ತಾರ."

ನಾಚುತ್ತಲೇ ಹೇಳಿದ. ವೈದ್ಯೆ ಮೂಗು ಮುರಿಯಲಿಲ್ಲ. "ಬಿಟ್ಟಿದ್ದು ಭಾಳ ಛಲೋ ಆತು ನೋಡ್ರಿ," ಎಂದಳು. ಹಾಗೆ ಯಾರೂ ಅವನಿಗೆ ಹೇಳಿರಲಿಲ್ಲ. ಕೊಳೆತ ಮೂರು ಹಲ್ಲು ಕಿತ್ತಳು, ಮತ್ತೆರಡು ಸಲ ಕರೆಸಿ ಉಳಿದವನ್ನು ಹಸನು ಮಾಡಿದಳು. ದಿನಕ್ಕೆರಡು ಸಲ ಉಜ್ಜಲು ಬ್ರಷ್ಷೂ ಕೊಟ್ಟಳು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಚನವೀರ ಪಂಕ್ತಿಯಲ್ಲಿ ಕೂತು ಖಡಕ್ ರೊಟ್ಟಿ ಕಟುಂ ಎಂದು ಕಡಿದ. ಅಯ್ಯೋ, ನೋವೇ ಇಲ್ಲ! ಕಣ್ಣಲ್ಲಿ ನೀರು ತುಂಬಿತು. ಎದ್ದು ಬಂದು ಅಜ್ಜಾರ ಕಾಲು ಹಿಡಿದುಕೊಂಡ.

"ನಿಮ್ಮ ಉಪಕಾರ ಹೆಂಗ ಮರೀಲ್ರಿ? ಏನು ಸೇವಾ ಮಾಡ್ಲಿ, ಹೇಳ್ರಿ."

"ಮೊದಲು ನನ್ನ ಕಾಲು ಬಿಡು. ಬಾಯಾಗ ಹಲ್ಲು ಎಷ್ಟು ಉಳಿದಾವ?"

ನಾಲಿಗೆ ಆಡಿಸಿ ಎಣಿಸಿದ. "ಹತ್ತೊಂಬತ್ತು ರೀ."

"ಮುಂಜಾನೆ ಒಮ್ಮೆ, ಮಲಗೋ ಮುಂದ ಒಮ್ಮೆ ಅವಕ್ಕ ಸೇವಾ ಮಾಡು. ಇಪ್ಪತ್ತು ವರ್ಷ ಹೆಂಡದಾಗ ಅದ್ದಿದ್ರೂ ನಿನ್ನ ಬಿಟ್ಟು ಹೋಗಿಲ್ಲ ಅವು."