ಮೊಸಳೆಗೆ ಸರದಿ ಹಚ್ಚಿದ ರಾಜ

ಒಂದೂರು ಇತ್ತಂತೆ. ಊರಿಗೊಂದು ಹೊಳೆ, ಹೊಳೆಗೊಬ್ಬ ರಾಜ. ಯಾವ ಕಾಲ ಅಂತ ಕೇಳಬೇಡಿ, ಮೊಸಳೆಗೂ ಮಾತು ಬರುತ್ತಿದ್ದ ಕಾಲ. ಊರಿನ ಹೆಸರು ನೀರಗುಂಡಿ, ರಾಜನ ಹೆಸರು ಧರ್ಮಮಾರ್ತಾಂಡರಾಯ. ಅವನ ರಾಜ್ಯದಲ್ಲಿ ಹೊಳೆಯೂ ಅವನದೇ, ಹೊಳೆಯೊಳಗಿನ ಮೀನು, ಏಡಿ, ಮರಳೂ ಅವನದೇ. ಅಪ್ಪಣೆಯಿಲ್ಲದೆ ಮುಟ್ಟಿದವರ ಕೈ ಉಳಿಯುತ್ತಿರಲಿಲ್ಲವಂತೆ.

ಆ ಊರಲ್ಲಿ ಶಾವಂತ್ರೆವ್ವ ಅಂತ ಒಬ್ಬ ಹೆಂಗಸು. ಗಂಡ ತೀರಿಹೋಗಿದ್ದ. ಬಾಯಿ ಗಟ್ಟಿ, ಕೈ ಅದಕ್ಕಿಂತ ಗಟ್ಟಿ. ಒಂದು ಎಮ್ಮೆ ಕಟ್ಟಿ ಹಾಲು ಮಾರಿ ಬದುಕುತ್ತಿದ್ದಳು. ಎಲ್ಲರ ಹೊಲ, ಹುಲ್ಲುಗಾವಲು ಹೊಳೆಯಾಚೆ. ಮೊಣಕಾಲುದ್ದ ನೀರು ದಾಟಿ ಹೋಗುವುದು, ದಾಟಿ ಬರುವುದು.

ಒಂದು ಮಳೆಗಾಲ ದೊಡ್ಡ ನೆರೆ ಬಂತು. ನೆರೆ ಹೋಯಿತು, ಅದರ ಜೊತೆ ಬಂದ ಮೊಸಳೆ ಹೋಗಲಿಲ್ಲ. ದಾಟುವ ಜಾಗದಲ್ಲೇ ಕಲ್ಲಿನ ಹಾಗೆ ಬಿದ್ದುಕೊಂಡಿತಂತೆ. ಮೊದಲು ಒಂದು ನಾಯಿ ಹೋಯಿತು, ಆಮೇಲೆ ಒಂದು ಆಡು ಹೋಯಿತು, ಆಮೇಲೆ ಶಾವಂತ್ರೆವ್ವನ ಎಮ್ಮೆ. ಹಗ್ಗ ಹಿಡಿದು ಎಳೆದಳಂತೆ, ಎಳೆದಳಂತೆ, ಎಳೆದಳಂತೆ. ಕೊನೆಗೆ ಕೈಯಲ್ಲಿ ಉಳಿದದ್ದು ಬರೀ ಹಗ್ಗ.

ದಡದ ಮೇಲೆ ಕೂತು ಗೋಳೋ ಅಂತ ಅತ್ತಳು. ಅತ್ತು ಮುಗಿದ ಮೇಲೆ ಸೆರಗು ಸಿಗಿಸಿಕೊಂಡು, ಬಲೆ ಹಾಕುವ ಅಂಬಿಗರನ್ನು ಕೂಡಿಸಿಕೊಂಡು ಅರಮನೆಗೆ ಹೋದಳು.

"ದೊರಿ, ನಮಗೇನೂ ಕೊಡಬ್ಯಾಡ್ರಿ. ಹೂಂ ಅನ್ರಿ ಸಾಕು. ಅಂಬಿಗರು ಬಲಿ ಹಾಕತಾರ, ಊರು ಮಂದಿ ಹಗ್ಗ ಹಿಡೀತೀವಿ, ಮೊಸಳೀನ ಎಳಕೊಂಡು ಹೋಗಿ ಕೆಳಗಿನ ಮಡುವಿಗೆ ಬಿಡ್ತೀವಿ. ಅಲ್ಲಿ ಮೀನು ತಿನಕೊಂಡು ಅದೂ ಬದುಕತೈತಿ, ನಾವೂ ಬದುಕತೀವಿ."

ರಾಜ ಗಡ್ಡ ನೀವಿಕೊಂಡ. "ಅವಸರ ಬೇಡ ತಾಯಿ. ಅವಸರದಲ್ಲಿ ಮಾಡಿದರೆ ಕೆಲಸ ಆಗುತ್ತದೆ, ಆಡಳಿತ ಆಗುವುದಿಲ್ಲ" ಅಂದನಂತೆ. ಮಂತ್ರಿಗಳನ್ನು ಕರೆಸಿದ.

ಬೊಕ್ಕಸದ ಮಂತ್ರಿ ಹೇಳಿದ: "ಪ್ರಭು, ಊರೆಲ್ಲ ಹಗ್ಗ ಹಿಡಿದರೆ ಹೊಲದಲ್ಲಿ ದುಡಿಯುವವರು ಯಾರು? ಮಿತವ್ಯಯ ಮುಖ್ಯ."

ಪುರೋಹಿತ ಹೇಳಿದ: "ಮೊಸಳೆ ಗಂಗಮ್ಮನ ವಾಹನ. ಅದಕ್ಕೆ ಹಗ್ಗ ಬಿಗಿದರೆ ದೇವಿ ನಡೆದುಕೊಂಡು ಹೋಗಬೇಕೇ? ಸಂಪ್ರದಾಯ ಮುಖ್ಯ."

ದಳವಾಯಿ ಹೇಳಿದ: "ಒಂದು ದೊಡ್ಡ ಹಲ್ಲಿಗೆ ನಾವು ಹೆದರಿದೆವು ಅಂತ ಪಕ್ಕದ ರಾಜ ನಕ್ಕರೆ ನನ್ನ ಮೀಸೆ ಎಲ್ಲಿಡಲಿ? ರಾಜ್ಯದ ಮಾನ ಮುಖ್ಯ."

ಹಿರಿಯ ಮಂತ್ರಿ ಎಲ್ಲರಿಗಿಂತ ಮೆಲ್ಲಗೆ ಹೇಳಿದ: "ಒಂದೇ ಕಡೆ ಕೇಳಿ ತೀರ್ಪು ಕೊಡಬಾರದು. ಮೊಸಳೆಯನ್ನೂ ಕೇಳೋಣ. ನ್ಯಾಯ ಮುಖ್ಯ."

ಶಾವಂತ್ರೆವ್ವನಿಗೆ ತಡೆಯಲಾಗಲಿಲ್ಲ. "ಹಂಗಾದ್ರ ನನ್ನ ಎಮ್ಮೀನೂ ಕೇಳ್ರಿ. ಮೊಸಳಿ ಹೊಟ್ಟ್ಯಾಗಽ ಐತಿ, ಒಂದಽ ಸಲಕ್ಕ ಇಬ್ಬರನೂ ಕೇಳಿದಂಗ ಆಕ್ಕೈತಿ" ಅಂದಳು. ಆಸ್ಥಾನದಲ್ಲಿ ಯಾರೂ ನಗಲಿಲ್ಲವಂತೆ.

ಮಂತ್ರಿಗಳು ಪಲ್ಲಕ್ಕಿಯಲ್ಲಿ ಹೊಳೆಗೆ ಹೋದರು. ಮೊಸಳೆ ಬಹಳ ವಿನಯದಿಂದ ಮಾತಾಡಿತು. "ಸ್ವಾಮಿ, ನಾನು ಯಾರ ಮನೆಗೂ ಹೋದವನಲ್ಲ. ಎಲ್ಲರೂ ನನ್ನ ಮನೆಗೆ ಬಂದರು. ಹೊಟ್ಟೆ ಇದ್ದವನು ಏನು ಮಾಡಬೇಕು, ನೀವೇ ಹೇಳಿ" ಅಂತ ಕಣ್ಣಲ್ಲಿ ನೀರು ತಂದಿತು. ಅದು ಎಂಥ ಕಣ್ಣೀರು ಅಂತ ಊರಿನ ಕೂಸಿಗೂ ಗೊತ್ತಿತ್ತು, ಮಂತ್ರಿಗಳಿಗೆ ಗೊತ್ತಿರಲಿಲ್ಲ. ಶಲ್ಯದಂಚು ಒದ್ದೆ ಮಾಡಿಕೊಂಡು ಬಂದರು.

ಮರುದಿನ ಡಂಗುರ ಹೊಡೆಸಿದರು. "ಕೇಳಿರಪ್ಪೋ ಕೇಳಿ! ಇಂದಿನಿಂದ ಯಾರೂ ನೀರಿಗೆ ಇಳಿಯಬಾರದು. ಊರಿನ ಪ್ರತಿ ಮನೆಯವರೂ ಸರದಿಯ ಮೇಲೆ ದಿನಕ್ಕೊಂದು ಕೋಳಿಯನ್ನೋ ಆಡನ್ನೋ ಮೊಸಳೆಗೆ ಒಪ್ಪಿಸಬೇಕು. ಮೊಸಳೆ ಮನುಷ್ಯರನ್ನು ಮುಟ್ಟಬಾರದು. ಇದಕ್ಕೆ ಪ್ರಜಾರಕ್ಷಣೆ ಕಾಯಿದೆ ಅಂತ ಹೆಸರು!"

ಸರದಿ ನೋಡಿಕೊಳ್ಳಲು ಒಬ್ಬ ಅಮಲ್ದಾರ ಬಂದ. ಅವನಿಗೆ ಕೊಡೆ ಹಿಡಿಯಲು ಒಬ್ಬ, ಕೋಳಿ ಹಿಡಿಯಲು ಒಬ್ಬ, ಕೋಳಿ ಹಿಡಿಯುವವನನ್ನು ನೋಡಲು ಇನ್ನೊಬ್ಬ. ಕೂತಲ್ಲಿಗೇ ಊಟ ಬರುತ್ತದಂತೆ ಅಂತ ಸುದ್ದಿ ಕೇಳಿ ಮೇಲಿನ ಹೊಳೆಯಿಂದ ಮೊಸಳೆಯ ಬಂಧುಬಳಗವೂ ಬಂತು. ಹೊಳೆಯಾಚೆ ಹೊಲದಲ್ಲಿ ಕಸ ಆಳೆತ್ತರ ಬೆಳೆಯಿತು. ಊರಲ್ಲಿ ಕೋಳಿ ಕೂಗು ನಿಂತುಹೋಗಿ ಜನ ಹೊತ್ತೇರಿದ ಮೇಲೆ ಏಳತೊಡಗಿದರು. ರಾಜ ಮಾತ್ರ ದರಬಾರಿನಲ್ಲಿ, "ನೋಡಿ, ಕಾಯಿದೆ ಬಂದ ಮೇಲೆ ಮೊಸಳೆ ಒಬ್ಬನನ್ನೂ ತಿಂದಿಲ್ಲ" ಅಂದ. ಮಂತ್ರಿಗಳು ಭಲೇ ಅಂದರು. ನೀರಿಗೆ ಇಳಿದವರಿದ್ದರಲ್ಲವೇ ತಿನ್ನುವುದಕ್ಕೆ!

ಸರದಿ ತಿರುಗಿ ತಿರುಗಿ ಶಾವಂತ್ರೆವ್ವನ ಮನೆಗೆ ಬಂತು. ಅವಳ ಹತ್ತಿರ ಉಳಿದಿದ್ದು ಮೊಟ್ಟೆಯಿಡುವ ಒಂದೇ ಹೇಂಟೆ. ಎದೆಗವಚಿಕೊಂಡು ಹೊಳೆಗೆ ತಂದಳು. ಅಮಲ್ದಾರ ಅದನ್ನು ಕಸಿದುಕೊಂಡು ದಡದ ಮೇಲಿನ ತನ್ನ ಬಿಡಾರದ ಹಿಂದೆ ಹೋದ. ಸ್ವಲ್ಪ ಹೊತ್ತಿಗೆ ಒಬ್ಬ ಆಳು ಬಂದು ಹಿಡಿ ಪುಕ್ಕ ನೀರಿಗೆ ಎರಚಿ ಹೋದ. ಬಿಡಾರದಿಂದ ಮಸಾಲೆಯ ಘಮ ಬಂತು.

ಮೊಸಳೆ ತಲೆ ಎತ್ತಿತು. ಬೆನ್ನು ಮೂಳೆ ಎಣಿಸುವ ಹಾಗಿತ್ತಂತೆ.

"ಯಾಕೋ ಮೊಸಳೆಪ್ಪಾ, ಊರು ತಿಂದು ಹಿಂಗ್ಯಾಕ ಸೊರಗೀದಿ?" ಅಂದಳು ಶಾವಂತ್ರೆವ್ವ.

"ಎಲ್ಲಿ ತಿಂದೆನವ್ವಾ? ಕೋಳಿ ಅವರಿಗೆ, ಪುಕ್ಕ ನನಗೆ. ಆಡು ಅವರಿಗೆ, ಕೊಂಬು ನನಗೆ. ನಿನ್ನ ಎಮ್ಮೆಯೇ ನನ್ನ ಕೊನೆಯ ಊಟ. ನಂದು ಹೊಟ್ಟೆ, ತುಂಬಿದರೆ ಸುಮ್ಮನಾಗುತ್ತದೆ. ಅವರದು ಏನು ಅಂತ ನನಗೂ ತಿಳಿಯಲಿಲ್ಲ."

ಶಾವಂತ್ರೆವ್ವನಿಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಎಮ್ಮೆ ನೆನೆದು ಪಾಪವನ್ನು ನುಂಗಿಕೊಂಡಳು. ಬಗ್ಗಿ ಕೇಳಿದಳು: "ಪ್ರತಿ ಮನಿ ಸರದಿ ಅಂತ ಮಾತಾಗಿತ್ತಲ್ಲ, ಎಲ್ಲಾ ಮನಿ ಸರದಿ ಬಂತೇನು?"

"ಬಂತಲ್ಲ?"

"ಆ ಗುಡ್ಡದ ಮ್ಯಾಲ ಕಾಣತೈತಲ್ಲ, ಊರಾಗೆಲ್ಲ ದೊಡ್ಡ ಮನಿ. ಅದರದು ಬಂತೇನು? ಅಲ್ಲಿ ಅಮಲ್ದಾರನೂ ಇಲ್ಲ, ನಡುವ ತಿನ್ನಾಕ."

ಮೊಸಳೆ ಗುಡ್ಡದ ಕಡೆ ಮೂತಿ ತಿರುಗಿಸಿತಂತೆ. "ಮಾತು ಅಂದರೆ ಮಾತು" ಅಂತ ದಡ ಹತ್ತಿತು. ಹಿಂದೆ ಬಂಧುಬಳಗ. ಸುಡು ಬಿಸಿಲಲ್ಲಿ, ರಾಜಬೀದಿಯ ನಟ್ಟ ನಡುವೆ, ಸರಬರ ಸರಬರ ಅಂತ ಮೊಸಳೆಗಳ ಮೆರವಣಿಗೆ. ಅಮಲ್ದಾರ ಎಲುಬು ಕೈಯಲ್ಲೇ ಹಿಡಿದು ಮರ ಹತ್ತಿದ.

ರಾಜ ಊಟ ಮಾಡಿ ಉಯ್ಯಾಲೆ ಮೇಲೆ ಕೂತಿದ್ದ. ಮೊಸಳೆ ಬಂದು ಎದುರಿಗೆ ನಿಂತು, "ಪ್ರಭು, ಇವತ್ತು ನಿಮ್ಮ ಸರದಿ. ಲಾಯದಲ್ಲಿ ಬಿಳಿ ಕುದುರೆ ಕಂಡೆ. ಅದು ಸಾಕು" ಅಂತು.

ರಾಜ ಕಾಲು ಮೇಲೆತ್ತಿಕೊಂಡ. "ಏಯ್! ಅದು ನನ್ನ ಕುದುರೆ!"

"ಆ ಹೆಂಗಸೂ ನನ್ನ ಎಮ್ಮೆ ಅಂತಲೇ ಅಂದಿದ್ದಳು, ಪ್ರಭು. ಕಾಯಿದೆ ಬಂದ ಮೇಲೆ ನನ್ನದು ನಿನ್ನದು ಎಲ್ಲಿಯದು?"

ಉಯ್ಯಾಲೆ ಮೇಲೆ ನಿಂತುಕೊಂಡೇ ರಾಜ ಮಂತ್ರಿಗಳನ್ನು ಕೂಗಿದ. ಅವರೆಲ್ಲ ಕಂಬ ಹತ್ತಿಕೊಂಡೇ ಸಭೆ ನಡೆಸಿದರು. ಎಲೆಗೆ ಸುಣ್ಣ ಸವರುವಷ್ಟರಲ್ಲಿ ಎಲ್ಲ ತೀರ್ಮಾನ ಆಗಿಹೋಯಿತಂತೆ. ಬೊಕ್ಕಸದ ಮಂತ್ರಿ, "ಎಷ್ಟು ಹಗ್ಗ ಬೇಕಾದರೂ ತರಿಸಿ" ಅಂದ. ಪುರೋಹಿತ, "ದೇವಿಯ ವಾಹನ ಅರಮನೆಯಲ್ಲಿರಬಾರದು, ಮಡುವಿನಲ್ಲಿರಬೇಕು ಅಂತ ಶಾಸ್ತ್ರವಿದೆ" ಅಂದ. ದಳವಾಯಿ, "ನಾನು ಮೊದಲೇ ಹೇಳಿದ್ದೆ" ಅಂದ. ಹಿರಿಯ ಮಂತ್ರಿ ಮಾತ್ರ ಮಾತಾಡಲಿಲ್ಲ. ಅವನ ಪಂಚೆಯ ತುದಿ ಒಂದು ಮರಿಮೊಸಳೆಯ ಬಾಯಲ್ಲಿತ್ತು.

ರಾಜ, "ಹೂಂ! ಹೂಂ! ಹೂಂ!" ಅಂತ ಕಿರುಚಿದ.

ಆ ಹೂಂ ಸಾಕಾಯಿತು. ಅಂಬಿಗರು ಬಲೆ ತಂದರು, ಊರವರು ಹಗ್ಗ ಹಿಡಿದರು. ಹೈಸ್ಸಾ ಹೈಸ್ಸಾ ಅಂತ ಎಲ್ಲವನ್ನೂ ಕೆಳಗಿನ ಮಡುವಿಗೆ ಎಳೆದು ಬಿಟ್ಟರು. ಮೀನು ಕಂಡ ಮೊಸಳೆಗಳು ಹಿಂತಿರುಗಿ ನೋಡಲಿಲ್ಲ.

ರಾಜನಿಗೆ ನಾಚಿಕೆ ಆಗಿತ್ತೋ ಇಲ್ಲವೋ, ಸುತ್ತ ಜನ ನೆರೆದಿತ್ತು. ಜನ ನೆರೆದಾಗ ಅವನಿಗೆ ಔದಾರ್ಯ ಉಕ್ಕುತ್ತಿತ್ತು. "ಶಾವಂತ್ರೆವ್ವ, ಏನು ಬೇಕು ಕೇಳು. ಕೊಟ್ಟೆ" ಅಂದ.

"ತಿಂದ ಎಮ್ಮಿಗೆ ಒಂದು ಎಮ್ಮಿ ಕೊಡ್ರಿ ದೊರಿ. ಇನ್ನೊಂದು ಮಾತು. ಇನ್ನ ಮುಂದ ಯಾವ ಕಾಯಿದೆ ಮಾಡಿದ್ರೂ ಮೊದಲ ಸರದಿ ಅರಮನೀದು. ನೀವು ಒಂದು ವರ್ಷ ನಡಿಸಿ ತೋರಿಸ್ರಿ, ಆಮ್ಯಾಲ ನಾವು ನಡಸ್ತೀವಿ."

ಜನರೆಲ್ಲ ಓ ಅಂದರು. ರಾಜ ಕೊಟ್ಟೆ ಅಂದುಬಿಟ್ಟಿದ್ದ, ಒಪ್ಪಲೇಬೇಕಾಯಿತು.

ಅಂದಿನಿಂದ ಆ ರಾಜ ಬದುಕಿರುವವರೆಗೂ ನೀರಗುಂಡಿಯಲ್ಲಿ ಒಂದೇ ಒಂದು ಹೊಸ ಕಾಯಿದೆ ಹುಟ್ಟಲಿಲ್ಲವಂತೆ. ಜನ ಹೊಳೆ ದಾಟಿದರು, ಬಿತ್ತಿದರು, ಬೆಳೆದರು, ಉಂಡರು. ಆ ದಡದ ಕತೆ ಆ ದಡಕ್ಕಾಯಿತು. ಈ ದಡದವರು ನಾವು, ಏಳಿ, ರೊಟ್ಟಿ ಆರುತ್ತಿದೆ.