ಪಂಪಣ್ಣ ಹೊಳೆಗೆ ಬಿಟ್ಟದ್ದು

ಹೊಳೆಯ ದಂಡೆಯಲ್ಲೊಂದು ಮಠ. ಅಲ್ಲಿ ಗವಿಯಜ್ಜ ಅಂತ ಗುರು, ಪಂಪಣ್ಣ ಅಂತ ಶಿಷ್ಯ.

ಮಠದ ಪದ್ಧತಿ ಇಷ್ಟೇ: ಮನಸ್ಸು ಯಾವುದಕ್ಕೆ ಅಂಟಿಕೊಂಡಿದೆಯೋ ಅದನ್ನು ಹೊಳೆಗೆ ಬಿಡಬೇಕು. ಬಿಟ್ಟವರಿಗೆ ಕಾವಿ.

ಪಂಪಣ್ಣನಿಗೆ ಕಾವಿ ಉಡುವ ಅವಸರವೋ ಅವಸರ. ಬಟ್ಟೆಗೆ ತಾನೇ ಬಣ್ಣ ಹಾಕಿ, ಮಡಚಿ, ರಾತ್ರಿಯೆಲ್ಲ ತಲೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ, ಪುಣ್ಯಾತ್ಮ!

ಒಂದು ಮುಂಜಾನೆ ಹೊಳೆಯ ತುಂಬ ಮಂಜು. ಆಚೆ ದಡ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಪಂಪಣ್ಣ ಕಾವಿಬಟ್ಟೆಯನ್ನು ಕಂಕುಳಲ್ಲಿ ಅವುಚಿಕೊಂಡು, ನಶ್ಯದ ಡಬ್ಬಿ ತಂದ.

"ಅಜ್ಜಾ, ಇದನ್ನು ಬಿಡ್ತೀನಿ."

"ಅದು ಚಟ. ಜೋರು ನೆಗಡಿ ಬಂದರೆ ತಾನೇ ಬಿಟ್ಟುಹೋಗುತ್ತೆ."

ಓಡಿಹೋಗಿ ತಂಬೂರಿ ತಂದ. ಅದರ ಮೇಲೆ ಕೂತ ಮಂಜಿನ ಹನಿ ಒರೆಸಿದ.

"ಅಯ್ಯೋ, ಅದು ಪ್ರೀತಿಯಪ್ಪಾ. ಒಳಗಿಡು, ತೇವ ತಗಲುತ್ತೆ."

ಪಂಪಣ್ಣನಿಗೆ ರೇಗಿತು. "ಹಾಗಾದರೆ ಹೊಳೆಗೆ ಬಿಡಬೇಕಾದ ಗೀಳು ಅಂದರೆ ಏನಜ್ಜಾ? ಒಂದು ಸಲ ಬಿಡಿಸಿ ಹೇಳಿಬಿಡಿ."

"ಉರಿಯೋ ಮನೆಗೆ ನುಗ್ಗಿ ಕರು ಹೊತ್ತು ತಂದವನಿಗೆ ಹತ್ತಿದ್ದೂ ಅದೇ. ಆ ಮನೆಗೆ ಬೆಂಕಿ ಇಟ್ಟವನಿಗೆ ಹತ್ತಿದ್ದೂ ಅದೇ."

ಪಂಪಣ್ಣ ತಂಬೂರಿಯನ್ನು ಒಳಗಿಟ್ಟು ಬಂದ. ಆಮೇಲೆ ಮೆಲ್ಲಗೆ ಅಂದ, "ನನ್ನ ಮನಸ್ಸು ಅಂಟಿರೋದು ನಿಮಗೆ. ನೀವಿಲ್ಲದ ದಿನ ನೆನೆದರೆ ಎದೆ ಒಡೆದುಹೋಗುತ್ತೆ."

"ಹೌದಾ? ಸರಿ, ನನ್ನನ್ನೇ ಬಿಡು."

ಅಜ್ಜ ದಂಡೆಗೆ ಕಟ್ಟಿದ್ದ ಹರಿಗೋಲು ಬಿಚ್ಚಿ, ಹತ್ತಿ ಕೂತೇಬಿಟ್ಟ. ಹುಟ್ಟನ್ನು ದಂಡೆಯ ಮೇಲೆ ಎಸೆದ. ಹಗ್ಗದ ತುದಿಯನ್ನು ಶಿಷ್ಯನ ಕೈಗೆ ಕೊಟ್ಟ.

"ಹಗ್ಗ ಬಿಟ್ಟ ಕೂಡಲೇ ಕಾವಿ ನಿನ್ನದು."

ಹರಿಗೋಲು ತಿರುಗುತ್ತಾ ತಿರುಗುತ್ತಾ ದೂರ ಸರಿಯಿತು. ಮಂಜಿನಲ್ಲಿ ಅಜ್ಜನ ಕಾಲು ಕಾಣದಾಯಿತು, ಆಮೇಲೆ ಮುಖವೂ ಮಸುಕಾಯಿತು. ಎಲ್ಲವೂ ಕನಸಿನಲ್ಲಿ ನಡೆಯುತ್ತಿದೆ ಅನ್ನಿಸಿತು ಪಂಪಣ್ಣನಿಗೆ. ಕೆಳಗಡೆ ಬಂಡೆಗಳ ನಡುವೆ ನೀರು ಭೋರ್ಗರೆಯುವುದು ಮಾತ್ರ ಕೇಳುತ್ತಿತ್ತು.

ಸೆಳೆತ ಜೋರಾಯಿತು. ಹಗ್ಗ ಅಂಗೈಯನ್ನು ಸುಡುತ್ತ ಜಾರತೊಡಗಿತು. ಒಂದು ಕೈ ಸಾಲದು, ಇನ್ನೊಂದು ಕೈಯ ಕಂಕುಳಲ್ಲಿ ಕಾವಿ.

ಪಂಪಣ್ಣ ಎರಡೂ ಕೈಯಿಂದ ಹಗ್ಗ ಹಿಡಿದ. ಬಟ್ಟೆ ನೀರಿಗೆ ಬಿತ್ತು, ಬಿಚ್ಚಿಕೊಂಡಿತು, ಅಜ್ಜನ ಪಕ್ಕದಲ್ಲೇ ತೇಲಿಹೋಯಿತು.

"ಬೇಡ ಅಜ್ಜಾ!" ಅವನು ಗೊಳೋ ಎಂದು ಅತ್ತ. "ನನಗೆ ಕಾವಿಯೇ ಬೇಡ!"

ಮಂಜಿನೊಳಗಿಂದ ದನಿ ಬಂತು. "ಬಿಡಬೇಕಾಗಿದ್ದು ಅದನ್ನೇ, ತಮ್ಮಾ. ಎಳಿ ಈಗ, ಚಳಿ ಆಗ್ತಿದೆ."